ಅಕ್ಯುಪಂಕ್ಚರ್, ಇಂಟಿಗ್ರೇಟಿವ್ ಮೆಡಿಸಿನ್ ಪ್ರಾಕ್ಟೀಸ್ ಮಾಡ್ಬೇಕು ಅನ್ನೋರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಯುಪಂಕ್ಚರ್ ಅಂದ್ರೆ ಮೈಮೇಲೆ ಗೊತ್ತುಮಾಡಿದ ಜಾಗಗಳಲ್ಲಿ (ಇವನ್ನೇ ಪಾಯಿಂಟ್ ಅನ್ನೋದು) ತೆಳು ಸೂಜಿ ಹಾಕಿ ಮಾಡೋ ಚಿಕಿತ್ಸೆ, ಇಂಥದ್ದನ್ನ ಆಸ್ಪತ್ರೆ ಚಿಕಿತ್ಸೆ ಜೊತೆ ಸೇರಿಸಿ ಮಾಡೋದು ಇಂಟಿಗ್ರೇಟಿವ್ ಮೆಡಿಸಿನ್. ಈ ಫೀಲ್ಡಿಗೆ ಬರ್ಬೇಕು ಅಂತಿರೋರು ಕೇಳೋ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದೀನಿ. ಕೆಲವು ಉದ್ದ ಆಗಿದೆ, ಕೆಲವು ನಾಲ್ಕೇ ಸಾಲು, ವಿಷಯ ಹಾಗಿದೆ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಸೂಜಿ ಹಾಕೋ ಕೈಚಳಕ ಕೆಲವು ತಿಂಗಳಲ್ಲಿ ಬಂದುಬಿಡತ್ತೆ, ಆದ್ರೆ ಯಾರಿಗೆ ಹಾಕ್ಬಾರ್ದು, ಎಲ್ಲಿ ಹಾಕ್ಬಾರ್ದು, ಯಾವಾಗ ಪೇಷಂಟನ್ನ ಬೇರೆ ಕಡೆ ಕಳಿಸ್ಬೇಕು ಅನ್ನೋದು ಬರೋಕೆ ವರ್ಷಗಳೇ ಬೇಕು.

ನಾನು ಡಾಕ್ಟರ್ ಅಲ್ಲ, ಆದ್ರೂ ಅಕ್ಯುಪಂಕ್ಚರಿಸ್ಟ್ ಆಗ್ಬಹುದಾ?

ಆಗ್ಬಹುದು, ಆದ್ರೆ ಎಲ್ಲಿ ಪ್ರಾಕ್ಟೀಸ್ ಮಾಡ್ತೀರ ಅನ್ನೋದರ ಮೇಲೆ ನಿಂತಿದೆ. ಕೋರ್ಸ್ ಸೇರೋಕೆ ಮುಂಚೆ ಮಾಡ್ಬೇಕಾದ ಮೊದಲ ಕೆಲಸ ಇದೇ, ಬಹಳ ಜನ ಕೊನೆಗೆ ಮಾಡ್ತಾರೆ. ಆಸ್ಟ್ರೇಲಿಯಾದಲ್ಲಿ 2012ರ ಜುಲೈನಿಂದ ರಾಷ್ಟ್ರಮಟ್ಟದ ರಿಜಿಸ್ಟ್ರೇಷನ್ ಇದೆ, ಅದಿಲ್ಲದೇ ಅಕ್ಯುಪಂಕ್ಚರಿಸ್ಟ್ ಅಂತ ಬೋರ್ಡ್ ಹಾಕ್ಕೊಳ್ಳೋದೇ ಅಪರಾಧ. ಅಮೆರಿಕದಲ್ಲಿ ಲೈಸೆನ್ಸ್ ಕೊಡೋದು ಆಯಾ ರಾಜ್ಯ, ಡಾಕ್ಟರ್ ಆಗಿರ್ಲೇಬೇಕು ಅಂತಿಲ್ಲ, ಮಾಸ್ಟರ್ಸ್ ಮಟ್ಟದ ಓದು ಮತ್ತು ಬೋರ್ಡ್ ಪರೀಕ್ಷೆ ಇರತ್ತೆ. ಜರ್ಮನಿಯಲ್ಲಿ ಎಂಬಿಬಿಎಸ್ ಥರದ ಡಾಕ್ಟರುಗಳು ಮಾಡ್ಬಹುದು, ಇಲ್ಲಾಂದ್ರೆ ಹೈಲ್‌ಪ್ರಾಕ್ಟಿಕರ್ ಅನ್ನೋ ಪರವಾನಗಿ ಇರೋರು. ಜಪಾನಲ್ಲಿ ಕನಿಷ್ಠ ಮೂರು ವರ್ಷ ಓದಿ ರಾಷ್ಟ್ರೀಯ ಪರೀಕ್ಷೆ ಪಾಸಾಗ್ಬೇಕು, ಅಲ್ಲಿ ಸೂಜಿಗೆ ಒಂದು ಲೈಸೆನ್ಸ್, ಮಾಕ್ಸಾಗೆ (ಮಾಚಿಪತ್ರೆ ಜಾತಿಯ ಗಿಡದ ಒಣಪುಡಿ ಸುಟ್ಟು ಶಾಖ ಕೊಡೋದಕ್ಕೆ) ಇನ್ನೊಂದು. ಬ್ರಿಟನ್ನಲ್ಲಿ ಸರ್ಕಾರಿ ರಿಜಿಸ್ಟ್ರೇಷನ್ ಇಲ್ಲ, ಬ್ರಿಟಿಷ್ ಅಕ್ಯುಪಂಕ್ಚರ್ ಕೌನ್ಸಿಲ್ ಥರದ ಸಂಸ್ಥೆಗಳ ಸದಸ್ಯತ್ವ ಸ್ವಯಂಪ್ರೇರಿತ. ಭಾರತದಲ್ಲಿ ಕೇಂದ್ರ ಸರ್ಕಾರ 2019ರಲ್ಲಿ ಇದನ್ನ ಒಂದು ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಳ್ತು, ಮಹಾರಾಷ್ಟ್ರದಲ್ಲಿ ಪ್ರತ್ಯೇಕ ಕೌನ್ಸಿಲ್ಲೇ ಇದೆ, ಆದ್ರೆ ಎಲ್ಲ ರಾಜ್ಯದಲ್ಲೂ ಅದೇ ವ್ಯವಸ್ಥೆ ಇಲ್ಲ.

ಅಂದ್ರೆ ಒಂದು ದೇಶದ ಸರ್ಟಿಫಿಕೇಟ್ ಇನ್ನೊಂದು ದೇಶದಲ್ಲಿ ಬರೀ ಗೋಡೆಗೆ ನೇತುಹಾಕೋ ಕಾಗದ ಆಗ್ಬಹುದು. ಕೋರ್ಸ್ ಮಾರೋರು ಇದನ್ನ ಹೇಳಲ್ಲ, ಲೈಸೆನ್ಸ್ ಕೊಡೋ ಬೋರ್ಡನ್ನೇ ಕೇಳಿ, ಅದೂ ಬರವಣಿಗೆಯಲ್ಲಿ.

ಎಷ್ಟು ಸಮಯ ಹಿಡಿಯತ್ತೆ?

ಡಬ್ಲ್ಯುಎಚ್‌ಒ 1999ರಲ್ಲಿ ಒಂದು ಮಾರ್ಗಸೂಚಿ ಕೊಟ್ಟಿತ್ತು, ಇವತ್ತಿಗೂ ಅಳತೆಗೋಲು ಥರ ಜನ ಅದನ್ನೇ ಹೇಳ್ತಾರೆ. ಮೆಡಿಕಲ್ ಹಿನ್ನೆಲೆ ಇಲ್ಲದೇ ಪೂರ್ತಿ ಅಕ್ಯುಪಂಕ್ಚರಿಸ್ಟ್ ಆಗೋರಿಗೆ 2500 ಗಂಟೆ, ಅದ್ರಲ್ಲಿ ಕನಿಷ್ಠ 1000 ಗಂಟೆ ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್ ಕೆಲಸ. ಆಗಲೇ ಡಾಕ್ಟರ್ ಆಗಿದ್ದು ಪೂರ್ತಿ ಕಲಿಯೋರಿಗೆ 1500 ಗಂಟೆ. ತಮ್ಮ ಪ್ರಾಕ್ಟೀಸ್ ಜೊತೆ ಒಂದಷ್ಟು ತೊಂದರೆಗಳಿಗೆ ಮಾತ್ರ ಬಳಸ್ತೀನಿ ಅನ್ನೋ ಡಾಕ್ಟರಿಗೆ 200 ಗಂಟೆ. ಚೀನಾದಲ್ಲಿ ಇದು ಐದು ವರ್ಷದ ಡಿಗ್ರಿ, ಕೊರಿಯಾದಲ್ಲಿ ಕೊರಿಯನ್ ಮೆಡಿಸಿನ್ ಓದೋಕೆ ಆರು ವರ್ಷ.

200 ಗಂಟೆ ಸಾಕಂತೆ, ನಾನೂ ಅಷ್ಟೇ ಮಾಡ್ತೀನಿ ಅಂತ ಡಾಕ್ಟರ್ ಅಲ್ಲದೇ ಇರೋರು ಹೇಳೋದು ಕೇಳಿದೀನಿ. ಆ ಡಾಕ್ಟರ್ ಆಗಲೇ ವರ್ಷಾನುಗಟ್ಟಲೆ ಅನಾಟಮಿ, ಪೆಥಾಲಜಿ, ವಾರ್ಡ್ ಡ್ಯೂಟಿ ಎಲ್ಲ ಮಾಡಿ ಬಂದು ಅದರ ಮೇಲೆ 200 ಗಂಟೆ ಸೇರಿಸ್ತಿದಾರೆ, ಅಡಿಪಾಯ ಬಿಟ್ಟು ಮೇಲಿನದು ಮಾತ್ರ ಲೆಕ್ಕ ಹಾಕಿದ್ರೆ ಹೇಗೆ.

ಆನ್‌ಲೈನ್ ಕೋರ್ಸ್, ವೀಕೆಂಡ್ ವರ್ಕ್‌ಶಾಪ್ ಸಾಕಾಗಲ್ವಾ?

ಥಿಯರಿ ಆನ್‌ಲೈನ್ ಓದ್ಕೊಳ್ಳಿ, ಪರವಾಗಿಲ್ಲ. ಸೂಜಿ ಆನ್‌ಲೈನಲ್ಲಿ ಬರಲ್ಲ. ಎದುರಿಗೆ ಮಲಗಿರೋರ ಚರ್ಮದ ಬಿಗಿ, ಕೆಳಗಿನ ಸ್ನಾಯು, ಸೂಜಿ ಒಳಗೆ ಹೋದಾಗ ಬೆರಳಿಗೆ ಸಿಗೋ ಹಿಡಿತ, ಇದನ್ನ ವಿಡಿಯೋ ಹೇಳ್ಕೊಡಲ್ಲ. ಪಕ್ಕದಲ್ಲಿ ನಿಂತು ‘ಬೇಡ, ಆ ಆಂಗಲ್ಲಲ್ಲಿ ಬೇಡ’ ಅನ್ನೋಕೆ ಒಬ್ಬರು ಇರ್ಲೇಬೇಕು.

ಕೋರ್ಸಲ್ಲಿ ಏನೇನಿರತ್ತೆ?

ಅನಾಟಮಿ, ಫಿಸಿಯಾಲಜಿ, ಪೆಥಾಲಜಿ ಇರತ್ತೆ, ಚೀನೀ ವೈದ್ಯದ ಥಿಯರಿ ಇರತ್ತೆ, ನಾಡಿ ಮತ್ತು ನಾಲಗೆ ನೋಡೋದು, ಪಾಯಿಂಟುಗಳು, ನೀಡ್ಲಿಂಗ್, ಮಾಕ್ಸಾ, ಕಪ್ಪಿಂಗ್ (ಬಟ್ಟಲು ಕವುಚಿ ಚರ್ಮ ಮೇಲಕ್ಕೆ ಎಳೆಯೋದು), ಎಲೆಕ್ಟ್ರೋ ಅಕ್ಯುಪಂಕ್ಚರ್ (ಸೂಜಿಗೆ ಸಣ್ಣ ಕರೆಂಟ್ ಕೊಡೋದು), ಕಿವಿಯ ಅಕ್ಯುಪಂಕ್ಚರ್, ಸೋಂಕು ತಡೆಯೋ ಕ್ರಮ, ವೃತ್ತಿ ನೀತಿ, ಆಮೇಲೆ ಮೇಲ್ವಿಚಾರಣೆಯಲ್ಲಿ ಕ್ಲಿನಿಕ್. ಅಂದಹಾಗೆ ಕಿವಿಯದ್ದು ಈಗಿನ ರೂಪಕ್ಕೆ ಬಂದಿದ್ದು 1950ರ ದಶಕದಲ್ಲಿ ಫ್ರಾನ್ಸಿನ ಡಾಕ್ಟರ್ ಪಾಲ್ ನೊಜಿಯೇ ಅವರಿಂದ, ಎಲ್ಲನೂ ಸಾವಿರಾರು ವರ್ಷ ಹಳೇದು ಅಂತ ಹೇಳೋರಿಗೆ ಇದನ್ನ ನೆನಪಿಸ್ಬೇಕಾಗತ್ತೆ.

ಪಾಯಿಂಟುಗಳ ವಿಷಯಕ್ಕೆ ಬಂದ್ರೆ ಸಾಂಪ್ರದಾಯಿಕವಾಗಿ 14 ಚಾನೆಲ್ (‘ಚಿ’ ಅನ್ನೋ ಜೀವಶಕ್ತಿ ಹರಿಯತ್ತೆ ಅನ್ನೋ ದಾರಿಗಳು, ಮೆರಿಡಿಯನ್ ಅಂತಲೂ ಹೇಳ್ತಾರೆ) ಮೇಲೆ 361 ಪಾಯಿಂಟ್, ಇವುಗಳ ಜಾಗ ಎಲ್ಲಿ ಅಂತ ಡಬ್ಲ್ಯುಎಚ್‌ಒ 2008ರಲ್ಲಿ ಒಂದು ಸ್ಟ್ಯಾಂಡರ್ಡ್ ಪ್ರಕಟಿಸ್ತು. ಅಷ್ಟನ್ನೂ ಬಾಯಿಪಾಠ ಮಾಡೋದು ಕಷ್ಟ ಅಂತ ಎಲ್ಲರೂ ಹೆದರ್ತಾರೆ, ನಿಜವಾದ ಕಷ್ಟ ಬಾಯಿಪಾಠದಲ್ಲಿಲ್ಲ, ಮೈಮೇಲೆ ಹುಡುಕೋದ್ರಲ್ಲಿದೆ. ಒಂದನ್ನ ಈಗಲೇ ನೋಡಿ, ವಾಕರಿಕೆಗೆ ಬಳಸೋ ಪಿಸಿ 6 (ಅಕ್ಷರ ಚಾನೆಲ್ಲಿನ ಹೆಸರು, ಅಂಕಿ ಅದರ ಮೇಲಿನ ಪಾಯಿಂಟಿನ ನಂಬರ್). ಅಂಗೈ ಮೇಲೆ ಮಾಡಿ ಮುಷ್ಟಿ ಸ್ವಲ್ಪ ಬಿಗಿ ಮಾಡಿದ್ರೆ ಮಣಿಕಟ್ಟಿನ ಹತ್ರ ಎರಡು ಸ್ನಾಯುರಜ್ಜು ಎದ್ದು ಕಾಣತ್ತೆ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಎರಡು ಸುನ್, ಆ ಎರಡು ರಜ್ಜುಗಳ ನಡುವೆ. ಸುನ್ ಅಂದ್ರೆ ಪೇಷಂಟಿನ ಹೆಬ್ಬೆರಳ ಗಂಟಿನ ಅಗಲ, ನಿಮ್ಮ ಬೆರಳಿಂದಲ್ಲ, ಅವರ ಬೆರಳಿಂದ, ಅದಕ್ಕೇ ಎರಡಡಿ ಎತ್ತರದ ಮಗುವಿಗೂ ಆರಡಿ ಆಳಿಗೂ ಲೆಕ್ಕ ಸರಿಹೋಗತ್ತೆ. ಈಗ ಇನ್ನೊಂದು: ಕೆಲವರಿಗೆ ಆ ಎರಡರಲ್ಲಿ ಒಂದು ರಜ್ಜು, ಪಾಲ್ಮಾರಿಸ್ ಲಾಂಗಸ್, ಹುಟ್ಟಿನಿಂದ್ಲೇ ಇರೋದಿಲ್ಲ. ಪುಸ್ತಕದ ಚಿತ್ರ ನಂಬ್ಕೊಂಡಿರೋ ಸ್ಟೂಡೆಂಟ್ ಅಲ್ಲಿ ತಡವರಿಸ್ತಾರೆ. ಮೇಲಿಂದ ಆ ಜಾಗದ ಕೆಳಗೇ ಮೀಡಿಯನ್ ನರ ಹೋಗತ್ತೆ, ಬೆರಳಿಗೆ ಕರೆಂಟ್ ಹೊಡೆದ ಹಾಗಾಯ್ತು ಅಂತ ಪೇಷಂಟ್ ಅಂದ್ರೆ ಸೂಜಿ ಹಿಂದಕ್ಕೆ ತಗೋಬೇಕು, ಇನ್ನೂ ಒಳಗೆ ತಳ್ಳೋದಲ್ಲ.

ಸೂಜಿ ಕಂಡ್ರೆ ನನಗೇ ಭಯ, ಏನ್ ಮಾಡ್ಲಿ?

ಈ ಸೂಜಿ ಇಂಜೆಕ್ಷನ್ ಸೂಜಿ ಥರ ಅಲ್ಲ, ಒಳಗೆ ತೂತಿಲ್ಲ, ಸಾಮಾನ್ಯವಾಗಿ ಬಳಸೋದು 0.25 ಮಿಲಿಮೀಟರ್ ದಪ್ಪ ಅಥವಾ ಅದಕ್ಕಿಂತ ತೆಳು. ಪ್ಲಾಸ್ಟಿಕ್ ಗೈಡ್ ಟ್ಯೂಬನ್ನ ಚರ್ಮಕ್ಕೆ ಒತ್ತಿ, ಮೇಲೆ ಸ್ವಲ್ಪ ಹೊರಗಿರೋ ಹಿಡಿಯನ್ನ ಬೆರಳಿಂದ ಟಕ್ ಅಂತ ತಟ್ಟಿದ್ರೆ ಚರ್ಮ ದಾಟಿರತ್ತೆ, ಟ್ಯೂಬ್ ತೆಗೆದು ಆಮೇಲೆ ಬೇಕಾದಷ್ಟು ಆಳಕ್ಕೆ ನಿಧಾನವಾಗಿ ಬಿಡೋದು. ಆಗ ಭಾರ, ಜುಮ್ ಅನ್ನೋದು, ಮಂದವಾದ ನೋವು ಥರ ಬರತ್ತಲ್ಲ ಅದನ್ನ ದೆ ಚಿ ಅಂತಾರೆ. ಕಾಲೇಜಲ್ಲಿ ಮೊದಲು ಹತ್ತಿ ಉಂಡೆ, ಆಮೇಲೆ ನಿಮ್ಮದೇ ಕಾಲು, ಆಮೇಲೆ ಪಕ್ಕದ ಸ್ಟೂಡೆಂಟು. ಭಯ ಅಲ್ಲಿಗೆ ಹೋಗತ್ತೆ. ಹೋಗದೇ ಇದ್ರೆ ಒತ್ತಡದ ಮೇಲೆ ಕೆಲಸ ಮಾಡೋ ಅಕ್ಯುಪ್ರೆಶರ್, ತುಯಿನಾ (ಚೀನೀ ಮಸಾಜ್) ಇದೆ.

ಕಣ್ಣು ಕಾಣದವರು ಈ ಕೆಲಸ ಮಾಡ್ಬಹುದಾ?

ಈಗಷ್ಟೇ ಹೇಳಿದ ಗೈಡ್ ಟ್ಯೂಬ್ ಪದ್ಧತಿ ಬಂದಿದ್ದೇ 17ನೇ ಶತಮಾನದ ಜಪಾನಿನ ಅಂಧ ಚಿಕಿತ್ಸಕ ಸುಗಿಯಾಮಾ ವಾಇಚಿ ಅವರಿಂದ ಅಂತಾರೆ, ಅಂಧರಿಗೆ ಇದನ್ನ ಕಲಿಸೋ ಶಾಲೆನೂ ಅವರು ಶುರುಮಾಡಿದ್ರು. ಜಪಾನಲ್ಲಿ ಇವತ್ತಿಗೂ ದೃಷ್ಟಿ ಇಲ್ಲದ ಲೈಸೆನ್ಸ್ಡ್ ಪ್ರಾಕ್ಟೀಷನರ್ಸ್ ಇದಾರೆ. ಬೇರೆ ದೇಶಗಳಲ್ಲಿ ಆಯಾ ಬೋರ್ಡನ್ನ ಕೇಳ್ಬೇಕು.

ಚಿ, ಮೆರಿಡಿಯನ್ ಇದನ್ನೆಲ್ಲ ನಂಬಲೇಬೇಕಾ?

ನಂಬೋದು ಬೇರೆ, ಕಲಿಯೋದು ಬೇರೆ. ಪರೀಕ್ಷೆಗೆ ಬರತ್ತೆ, ಪಾಯಿಂಟ್ ಆರಿಸೋ ಲಾಜಿಕ್ ಎಲ್ಲ ಆ ಭಾಷೆಯಲ್ಲೇ ಇದೆ, ಅದಕ್ಕೆ ಕಲೀಲೇಬೇಕು. ಹಾಗಂತ ಶವ ಕೊಯ್ದು ನೋಡಿದ್ರೆ ಮೆರಿಡಿಯನ್ ಅನ್ನೋ ನಾಳ ಸಿಗಲ್ಲ. ಮೆಡಿಕಲ್ ಅಕ್ಯುಪಂಕ್ಚರ್ ಅಂತ ಮಾಡೋ ಡಾಕ್ಟರುಗಳು ನರ, ಸ್ನಾಯು, ಬೆನ್ನುಹುರಿಯ ಸೆಗ್ಮೆಂಟ್ ಲೆಕ್ಕದಲ್ಲೇ ಮಾತಾಡ್ತಾರೆ. 1977ರಲ್ಲಿ ಒಂದು ಪ್ರಯೋಗದಲ್ಲಿ ನಲೋಕ್ಸೋನ್ ಕೊಟ್ಟಾಗ ಅಕ್ಯುಪಂಕ್ಚರಿಂದ ಬಂದಿದ್ದ ನೋವು ಶಮನ ಕಡಿಮೆ ಆಯ್ತು, ನಲೋಕ್ಸೋನ್ ಅಂದ್ರೆ ಓಪಿಯಾಯ್ಡ್ ಕೆಲಸ ತಡೆಯೋ ಔಷಧ, ಅಲ್ಲಿಂದ ಎಂಡಾರ್ಫಿನ್ (ಮೈಯೇ ತಯಾರಿಸೋ ಓಪಿಯಾಯ್ಡ್ ಥರದ ನೋವು ನಿವಾರಕ) ವಿವರಣೆ ಗಟ್ಟಿಯಾಯ್ತು. ನನ್ನ ಅಭಿಪ್ರಾಯ ಕೇಳಿದ್ರೆ ಎರಡೂ ಭಾಷೆ ಬರ್ಬೇಕು, ಮತ್ತೆ ಆಸ್ಪತ್ರೆಗೆ ಪತ್ರ ಬರೆಯುವಾಗ ‘ಲಿವರ್ ಚಿ ಸ್ತಂಭನ’ ಅಂತ ಬರೀಬಾರ್ದು, ಅಲ್ಲಿರೋರು ಲಿವರ್ ಟೆಸ್ಟ್ ಬರೆದುಕೊಡ್ತಾರೆ.

ಇದು ನಿಜವಾಗ್ಲೂ ಕೆಲಸ ಮಾಡತ್ತಾ? ಪ್ಲಸೀಬೋ, ಅಂದ್ರೆ ಬರೀ ನಂಬಿಕೆಯಿಂದ ಗುಣ ಕಾಣೋದು ಅಂತಾರಲ್ಲ?

ಈ ಪ್ರಶ್ನೆಯನ್ನ ಪೇಷಂಟ್ ಕೇಳ್ತಾರೆ, ಮನೆಯವರು ಕೇಳ್ತಾರೆ, ಬೇರೆ ಡಾಕ್ಟರುಗಳು ಕೇಳ್ತಾರೆ, ಅದಕ್ಕೆ ಸರಿಯಾಗಿ ತಿಳ್ಕೊಂಡಿರಿ. ಪಶ್ಚಿಮದಲ್ಲಿ ಈ ಹುಚ್ಚು ಹಬ್ಬಿದ್ದು 1971ರಲ್ಲಿ ಜೇಮ್ಸ್ ರೆಸ್ಟನ್ ಅನ್ನೋ ಅಮೆರಿಕನ್ ಪತ್ರಕರ್ತ ಬೀಜಿಂಗಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸ್ಕೊಂಡು ಬರೆದ ಲೇಖನದಿಂದ. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದ್ರು ಅಂತ ಇವತ್ತಿಗೂ ಜನ ಹೇಳ್ತಾರೆ, ಹಾಗಲ್ಲ, ಆಪರೇಷನ್ನಿಗೆ ಮಾಮೂಲಿ ಅನಸ್ತೀಸಿಯಾ ಇಂಜೆಕ್ಷನ್ನೇ ಕೊಟ್ಟಿದ್ದು, ಸೂಜಿ ಹಾಕಿದ್ದು ಆಮೇಲೆ ಹೊಟ್ಟೆ ಉಬ್ಬರ ಆದಾಗ.

ಟ್ರಯಲ್‌ಗಳ ಕಥೆ ಸ್ವಲ್ಪ ಗೋಜಲು. ಜರ್ಮನಿಯಲ್ಲಿ ನಡೆದ ಗೆರಾಕ್ ಅನ್ನೋ ದೊಡ್ಡ ಟ್ರಯಲ್, 2007ರಲ್ಲಿ ಬೆನ್ನುನೋವಿನ ರಿಸಲ್ಟ್ ಬಂತು: ನಿಜವಾದ ಅಕ್ಯುಪಂಕ್ಚರ್ ಪಡೆದೋರಲ್ಲಿ 47.6 ಪರ್ಸೆಂಟ್ ಜನರಿಗೆ ಗುಣ ಕಂಡಿತು, ಪಾಯಿಂಟ್ ಬಿಟ್ಟು ಬೇರೆಲ್ಲೋ ಮೇಲ್‌ಮೇಲೆ ಚುಚ್ಚಿದ ಶಾಮ್ ಗುಂಪಲ್ಲಿ 44.2, ಮಾಮೂಲಿ ಚಿಕಿತ್ಸೆಯಲ್ಲಿ 27.4. ಈ ಮೂರು ಸಂಖ್ಯೆ ಇಟ್ಕೊಂಡು ಅಭಿಮಾನಿಗಳು ಗೆದ್ವಿ ಅಂತಾರೆ, ವಿರೋಧಿಗಳೂ ಗೆದ್ವಿ ಅಂತಾರೆ, ಇಬ್ಬರ ಮಾತಲ್ಲೂ ನಿಜ ಇದೆ. ಆಮೇಲೆ 2018ರಲ್ಲಿ 39 ಟ್ರಯಲ್‌ಗಳ 20,827 ಪೇಷಂಟುಗಳ ಡೇಟಾ ಒಟ್ಟು ಮಾಡಿದ ವಿಶ್ಲೇಷಣೆ ಬಂತು, ದೀರ್ಘಕಾಲದ ನೋವಲ್ಲಿ ಶಾಮ್‌ಗಿಂತ ನಿಜವಾದದ್ದು ಮೇಲು, ಆದ್ರೆ ಅಂತರ ಸಣ್ಣದು, ಏನೂ ಮಾಡದೇ ಇರೋದಕ್ಕೆ ಹೋಲಿಸಿದ್ರೆ ಅಂತರ ದೊಡ್ಡದು. ಮಾರ್ಗಸೂಚಿಗಳೂ ಒಂದೇ ಮಾತು ಹೇಳಲ್ಲ: ಬ್ರಿಟನ್ನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡೋ ಸಂಸ್ಥೆ ನೈಸ್ 2016ರಲ್ಲಿ ಕೆಳಬೆನ್ನು ನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಅಂತು, ಅದೇ ನೈಸ್ 2021ರಲ್ಲಿ ಕ್ರಾನಿಕ್ ಪ್ರೈಮರಿ ಪೇನಿಗೆ (ಬೇರೆ ಕಾಯಿಲೆಯಿಂದ ಅಂತ ವಿವರಿಸೋಕಾಗದ ದೀರ್ಘಕಾಲದ ನೋವಿಗೆ) ಪರಿಗಣಿಸ್ಬಹುದು ಅಂತು. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಬೆನ್ನುನೋವಿಗೆ ಮಾತ್ರೆಗಿಂತ ಮುಂಚೆ ಪ್ರಯತ್ನಿಸೋ ಪಟ್ಟಿಯಲ್ಲಿ ಸೇರಿಸ್ತು.

ಅಂದ್ರೆ ನೋವು, ಕೀಮೋ ಅಥವಾ ಆಪರೇಷನ್ ಆದ್ಮೇಲಿನ ವಾಕರಿಕೆ, ಕೆಲವು ಥರದ ತಲೆನೋವು, ಇಲ್ಲೆಲ್ಲ ಮಾತಾಡೋಕೆ ಪುರಾವೆ ಇದೆ. ಕ್ಯಾನ್ಸರ್ ವಾಸಿ ಮಾಡ್ತೀನಿ, ಶುಗರ್ ಮಾತ್ರೆ ಬಿಡಿಸ್ತೀನಿ ಅನ್ನೋಕೆ ಇಲ್ಲ. ಹಾಗೆ ಹೇಳಿಕೊಡೋ ಟೀಚರ್ ಸಿಕ್ಕಿದ್ರೆ ಬ್ಯಾಗ್ ತಗೊಂಡು ಎದ್ದು ಬನ್ನಿ.

ಸೂಜಿಯಿಂದ ಅಪಾಯ ಏನಾದ್ರೂ ಇದ್ಯಾ?

ಸರಿಯಾಗಿ ಕಲಿತೋರ ಕೈಯಲ್ಲಿ ಬಹಳ ಕಡಿಮೆ. ಬ್ರಿಟನ್ನಲ್ಲಿ 34,407 ಚಿಕಿತ್ಸೆಗಳನ್ನ ದಾಖಲಿಸಿ 2001ರಲ್ಲಿ ಪ್ರಕಟಿಸಿದಾಗ ಗಂಭೀರ ಅನಾಹುತ ಒಂದೂ ವರದಿ ಆಗಿರ್ಲಿಲ್ಲ. ಸಣ್ಣಪುಟ್ಟ ರಕ್ತ ಬರೋದು, ನೀಲಿಗಟ್ಟೋದು, ತಲೆಸುತ್ತು ಇದ್ದೇ ಇರತ್ತೆ. ತಲೆಸುತ್ತಿ ಬಿದ್ರೆ ಸೂಜಿ ಎಲ್ಲ ತೆಗೆದು ಮಲಗಿಸಿ ಕಾಲು ಎತ್ತರಕ್ಕೆ ಇಡೋದು, ಅದಕ್ಕೇ ಮೊದಲ ಸಲ ಬಂದೋರಿಗೆ ಕೂರಿಸಿ ಹಾಕ್ಬೇಡಿ, ಮಲಗಿಸಿ ಹಾಕಿ.

ಆದ್ರೆ ಕಡಿಮೆ ಅಂದ್ರೆ ಇಲ್ಲ ಅಂತಲ್ಲ. ಭುಜ ಬಿಗಿತಕ್ಕೆ ಎಲ್ಲರೂ ಬಳಸೋ ಜಿಬಿ 21, ಕತ್ತಿನ ಬುಡಕ್ಕೂ ಭುಜದ ತುದಿಗೂ ಮಧ್ಯದಲ್ಲಿರೋದು, ಅದರ ಕೆಳಗೆ ಶ್ವಾಸಕೋಶದ ತುದಿ ಇದೆ. ಸಣಕಲು ಮೈಯೋರಿಗೆ ನೆಟ್ಟಗೆ ಆಳವಾಗಿ ಬಿಟ್ರೆ ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರಿ ಅದು ಕುಗ್ಗೋದು) ಆಗ್ಬಹುದು, ಲಕ್ಷಣ ಕೆಲವು ಸಲ ಗಂಟೆಗಳಾದ್ಮೇಲೆ ಕಾಣತ್ತೆ, ಪೇಷಂಟ್ ಮನೆಗೆ ಹೋಗಿ ಉಸಿರು ಕಟ್ಟತ್ತೆ ಅಂತಾರೆ. ಅದಕ್ಕೆ ಸ್ನಾಯುವನ್ನ ಬೆರಳಲ್ಲಿ ಹಿಡಿದೆತ್ತಿ ಓರೆಯಾಗಿ ಮೇಲ್‌ಮೇಲೆ ಹಾಕೋದು ಕಲಿಸ್ತಾರೆ. ಎದೆಮೂಳೆ ಮೇಲೆ ಸೂಜಿ ಹಾಕುವಾಗ ಕೆಳಗೆ ಮೂಳೆ ಇದೆಯಲ್ಲ ಅಂತ ಧೈರ್ಯ ಮಾಡ್ತಾರೆ, ಕೆಲವರಿಗೆ ಹುಟ್ಟಿನಿಂದ್ಲೇ ಅಲ್ಲೊಂದು ತೂತಿರತ್ತೆ, ಅದರ ಹಿಂದೆ ಹೃದಯ. ಪೇಸ್‌ಮೇಕರ್ ಇರೋರಿಗೆ ಎಲೆಕ್ಟ್ರೋ ಬೇಡ. ಬಸುರಿಯರಿಗೆ ಎಲ್‌ಐ 4 (ಹೆಬ್ಬೆರಳು ತೋರುಬೆರಳ ನಡುವಿನದು), ಎಸ್‌ಪಿ 6 (ಕಾಲಿನ ಒಳಬದಿ, ಹರಡಿನ ಮೇಲಿನದು) ಸಂಪ್ರದಾಯದಲ್ಲೇ ನಿಷಿದ್ಧ. ರಕ್ತ ತೆಳು ಮಾಡೋ ಮಾತ್ರೆ ತಗೋತಿದಾರಾ ಅಂತ ಪ್ರತಿ ಸಲ ಕೇಳ್ಬೇಕು, ಒಂದ್ಸಲ ಅಲ್ಲ.

ಸೂಜಿ ಒಂದು ಸಲ ಬಳಸಿ ಬಿಸಾಡೋದೇ, ಬೇರೆ ಮಾತಿಲ್ಲ. ಸೂಜಿ ತೊಳೆದು ಮತ್ತೆ ಬಳಸ್ತಿದ್ದ ಕಾಲದಲ್ಲಿ ಹೆಪಟೈಟಿಸ್ ಬಿ ಹರಡಿದ್ದು ದಾಖಲಾಗಿದೆ. ಹಾಕುವಾಗ ಎಣಿಸಿ ಚಾರ್ಟಲ್ಲಿ ಬರೀರಿ, ತೆಗೆಯುವಾಗ ಮತ್ತೆ ಎಣಿಸಿ. ಕೂದಲ ನಡುವೆ ಹಾಕಿದ್ದು, ಟವೆಲ್ ಕೆಳಗಿರೋದು, ಇವೇ ಮರೆತುಹೋಗೋದು.

ಫಿಸಿಯೋಥೆರಪಿಸ್ಟ್ ಮಾಡೋ ಡ್ರೈ ನೀಡ್ಲಿಂಗ್ ಇದೇ ತಾನೇ?

ಸೂಜಿ ಅದೇ, ಲೆಕ್ಕಾಚಾರ ಬೇರೆ. ಅವರು ಟ್ರಿಗರ್ ಪಾಯಿಂಟ್ ಅಂದ್ರೆ ಸ್ನಾಯುವಿನ ಬಿಗಿ ಗಂಟನ್ನ ಹುಡುಕಿ ಹಾಕ್ತಾರೆ. ಯಾರಿಗೆ ಹಕ್ಕು ಅಂತ ಇಬ್ಬರ ನಡುವೆ ದೊಡ್ಡ ಜಗಳ ಇದೆ. ಶ್ವಾಸಕೋಶಕ್ಕೆ ನಿಮ್ಮ ಥಿಯರಿ ಯಾವುದು ಅಂತ ಗೊತ್ತಾಗಲ್ಲ, ಚುಚ್ಚಿದ್ರೆ ಎರಡರಲ್ಲೂ ಚುಚ್ಚತ್ತೆ, ನನಗೆ ಆ ಜಗಳದಲ್ಲಿ ಆಸಕ್ತಿ ಅಷ್ಟೇ.

ಇಂಟಿಗ್ರೇಟಿವ್ ಮೆಡಿಸಿನ್ ಅಂದ್ರೆ ಆಲ್ಟರ್ನೇಟಿವ್ ಮೆಡಿಸಿನ್ನಿಗೆ ಹೊಸ ಹೆಸರಾ?

ಕೆಲವರ ಕೈಯಲ್ಲಿ ಹೌದು. ಸರಿಯಾಗಿ ಮಾಡಿದ್ರೆ ಅಲ್ಲ. ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬೇರೇನೋ ಮಾಡೋದು ಆಲ್ಟರ್ನೇಟಿವ್. ಅದರ ಜೊತೆಗೇ, ಆ ಟೀಮಿಗೆ ಗೊತ್ತಿರೋ ಹಾಗೆ, ಪುರಾವೆ ಇರೋದನ್ನ ಸೇರಿಸೋದು ಇಂಟಿಗ್ರೇಟಿವ್. ಅಮೆರಿಕದ ಸರ್ಕಾರಿ ಸಂಶೋಧನಾ ಕೇಂದ್ರದ ಹೆಸರಲ್ಲೇ ಇದ್ದ ‘ಆಲ್ಟರ್ನೇಟಿವ್’ 2014ರಲ್ಲಿ ಹೋಗಿ ‘ಇಂಟಿಗ್ರೇಟಿವ್’ ಬಂತು. ಒಳ್ಳೇ ಉದಾಹರಣೆ ಬೇಕಂದ್ರೆ ಕ್ಯಾನ್ಸರ್ ವಾರ್ಡು: ಸ್ತನ ಕ್ಯಾನ್ಸರಿಗೆ ಅರೋಮಟೇಸ್ ಇನ್‌ಹಿಬಿಟರ್ ಮಾತ್ರೆ ತಗೊಳ್ಳೋ ಬಹಳ ಹೆಂಗಸರಿಗೆ ಕೀಲುನೋವು ಬರತ್ತೆ, ತಡೀಲಾರ್ದೆ ಮಾತ್ರೆನೇ ಬಿಟ್ಬಿಡ್ತಾರೆ. 2022ರ ಒಂದು ಆಂಕಾಲಜಿ ಮಾರ್ಗಸೂಚಿ, ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ ಕೂಡ ಸೇರಿ ತಂದಿದ್ದು, ಈ ನೋವಿಗೆ ಅಕ್ಯುಪಂಕ್ಚರ್ ಶಿಫಾರಸು ಮಾಡಿದೆ. ಅಲ್ಲಿ ಸೂಜಿ ಕ್ಯಾನ್ಸರ್ ಗುಣ ಮಾಡ್ತಿಲ್ಲ, ಮಾತ್ರೆ ಮುಂದುವರಿಸೋಕೆ ಆಸರೆ ಆಗ್ತಿದೆ. ಅಲ್ಲಿ ಕೆಲಸ ಮಾಡೋಕೆ ಬ್ಲಡ್ ರಿಪೋರ್ಟ್ ಓದೋಕೆ ಬರ್ಬೇಕು, ಪ್ಲೇಟ್ಲೆಟ್, ಬಿಳಿ ರಕ್ತಕಣ ಕುಸಿದಿರೋ ದಿನ ಸೂಜಿ ಬೇಡ ಅನ್ನೋಕೆ ಬರ್ಬೇಕು, ಲಿಂಫೆಡೀಮಾ ಆಗಿರೋ (ದುಗ್ಧರಸ ನಿಂತು ಊದಿರೋ) ತೋಳು ಮುಟ್ಟೋಕೆ ಮುಂಚೆ ಆಂಕಾಲಜಿಸ್ಟನ್ನ ಕೇಳ್ಬೇಕು.

ಗಿಡಮೂಲಿಕೆ ಔಷಧನೂ ಕಲೀಬೇಕಾ?

ಕಡ್ಡಾಯ ಅಲ್ಲ, ಎಷ್ಟೋ ಕಡೆ ಅದು ಪ್ರತ್ಯೇಕ ಓದು, ಪ್ರತ್ಯೇಕ ಪರೀಕ್ಷೆ. ನೀವು ಕೊಡದೇ ಇದ್ರೂ ಪೇಷಂಟ್ ಬೇರೆ ಕಡೆಯಿಂದ ತಗೋತಿರ್ತಾರೆ, ಅದಕ್ಕೆ ಮದ್ದು ಮದ್ದಿಗೆ ಆಗದೇ ಇರೋದು ಗೊತ್ತಿರ್ಲೇಬೇಕು. ಗಿಡದ್ದಲ್ವಾ, ಏನಾಗಲ್ಲ ಅನ್ನೋರಿಗೆ ಬೆಲ್ಜಿಯಂ ಕಥೆ ಹೇಳಿ: 1990ರ ದಶಕದ ಶುರುವಲ್ಲಿ ತೂಕ ಇಳಿಸೋ ಮಾತ್ರೆಯಲ್ಲಿ ಒಂದು ಚೀನೀ ಮೂಲಿಕೆ ಬದಲು ಅರಿಸ್ಟೊಲೋಕಿಯಾ ಜಾತಿಯದ್ದು ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯ್ತು, ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರೂ ಬಂತು.

ಒಳ್ಳೇ ಕಾಲೇಜು ಅಂತ ಹೇಗೆ ಗೊತ್ತಾಗತ್ತೆ?

ಬಿಲ್ಡಿಂಗ್, ಬ್ರೋಶರ್ ಬಿಡಿ. ಅಲ್ಲಿ ಓದಿದ್ರೆ ನಿಮಗೆ ಬೇಕಾದ ಕಡೆ ಲೈಸೆನ್ಸ್ ಪರೀಕ್ಷೆಗೆ ಕೂರೋಕೆ ಬಿಡ್ತಾರಾ, ಹಿಂದಿನ ಬ್ಯಾಚಲ್ಲಿ ಎಷ್ಟು ಜನ ಪಾಸಾದ್ರು, ನೀವೇ ಕೈಯಾರೆ ನೋಡೋ ಪೇಷಂಟ್ ಎಷ್ಟು, ಅದನ್ನ ಕೇಳಿ. ಆಮೇಲೆ ಅವರ ಕ್ಲಿನಿಕ್ಕಿಗೆ ಪೇಷಂಟ್ ಆಗಿ ಒಂದ್ಸಲ ಹೋಗಿ. ಕೈ ತೊಳೀತಾರಾ, ಸೂಜಿ ಪ್ಯಾಕೆಟ್ ನಿಮ್ಮೆದುರು ಒಡೀತಾರಾ, ಬಳಸಿದ ಸೂಜಿ ಹಾಕೋ ಶಾರ್ಪ್ಸ್ ಡಬ್ಬ ಕೈಗೆಟುಕೋ ಹಾಗಿದ್ಯಾ, ಏನೇನು ಮಾತ್ರೆ ತಗೋತೀರ ಅಂತ ಕೇಳಿದ್ರಾ. ಬ್ರೋಶರ್ ಓದೋದಕ್ಕಿಂತ ಇದ್ರಲ್ಲಿ ಹೆಚ್ಚು ತಿಳಿಯತ್ತೆ.

ಓದಿದ್ಮೇಲೆ ಕೆಲಸ ಸಿಗತ್ತಾ?

ಬಹಳ ಜನ ಸ್ವಂತ ಕ್ಲಿನಿಕ್ಕೇ ಇಡೋದು, ಅಂದ್ರೆ ಮೊದಲ ಒಂದೆರಡು ವರ್ಷ ಪೇಷಂಟ್ ಕಟ್ಟೋದೇ ಕೆಲಸ. ಆಸ್ಪತ್ರೆ, ಪೇನ್ ಕ್ಲಿನಿಕ್, ಕ್ಯಾನ್ಸರ್ ಸೆಂಟರ್, ವ್ಯಸನಮುಕ್ತಿ ಕೇಂದ್ರಗಳಲ್ಲೂ ಅವಕಾಶ ಇದೆ. ಇನ್ಶೂರೆನ್ಸ್ ಎಲ್ಲಿ ಒಪ್ಪತ್ತೋ ಅಲ್ಲಿ ಬೆಳವಣಿಗೆ ಜಾಸ್ತಿ: ಜರ್ಮನಿಯ ಸಾರ್ವಜನಿಕ ವಿಮೆ 2007ರಿಂದ ಕೆಳಬೆನ್ನು ಮತ್ತು ಮಂಡಿಯ ದೀರ್ಘಕಾಲದ ನೋವಿಗೆ ಕೊಡತ್ತೆ, ಅಮೆರಿಕದ ಮೆಡಿಕೇರ್ 2020ರಿಂದ ದೀರ್ಘಕಾಲದ ಕೆಳಬೆನ್ನು ನೋವಿಗೆ ಮಾತ್ರ, 90 ದಿನದಲ್ಲಿ 12 ಸಲ, ಗುಣ ಕಂಡ್ರೆ ವರ್ಷಕ್ಕೆ 20ರ ತನಕ. ಲೆಕ್ಕ ಬರೆಯೋದು, ಚಾರ್ಟ್ ಇಡೋದು ಬೋರು ಅನ್ನೋರು ಇಲ್ಲಿ ಒದ್ದಾಡ್ತಾರೆ.

ಪೇಷಂಟನ್ನ ಯಾವಾಗ ಸೂಜಿ ಹಾಕದೇ ಕಳಿಸ್ಬೇಕು?

ಇದನ್ನ ಯಾರೂ ಅಷ್ಟಾಗಿ ಕೇಳಲ್ಲ, ಕೇಳ್ಬೇಕು. ಬೆನ್ನುನೋವು ಅಂತ ಬಂದೋರಿಗೆ ತೊಡೆಸಂದು ಕುಂಡಿ ಭಾಗ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ತಡೆಯೋಕಾಗದೇ ಹೋದ್ರೆ ಅದು ಕಾಡಾ ಎಕ್ವೈನಾ (ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಒತ್ತಿಹೋಗೋದು) ಇರ್ಬಹುದು, ಅವತ್ತೇ ಎಮರ್ಜೆನ್ಸಿ. ಇದ್ದಕ್ಕಿದ್ದ ಹಾಗೆ ಜೀವಮಾನದಲ್ಲೇ ಬರದಂಥ ತಲೆನೋವು, ಎದೆ ಹಿಂಡ್ತಾ ಎಡಗೈಗೆ ಇಳಿಯೋ ನೋವು, ಮುಖ ಸೊಟ್ಟಗಾಗಿ ಮಾತು ತೊದಲೋದು, ಜ್ವರದ ಜೊತೆ ಕತ್ತು ಬಿಗಿಯೋದು, ಕಾರಣ ಇಲ್ಲದೇ ತೂಕ ಇಳಿದು ರಾತ್ರಿಯಿಡೀ ಕಾಡೋ ಮೂಳೆನೋವು, ಒಂದೇ ಮೀನಖಂಡ ಊದಿ ಬಿಸಿಯಾಗಿರೋದು, ಸಾಯ್ಬೇಕು ಅನ್ಸತ್ತೆ ಅಂತ ಹೇಳೋದು, ಇವರನ್ನೂ ಸೂಜಿ ಹಾಕದೇ ಕಳಿಸ್ಬೇಕು. ಪೇಷಂಟ್ ಆಗಲೇ ಶರ್ಟ್ ಬಿಚ್ಚಿ ಮಲಗಿರ್ತಾರೆ, ದೂರದಿಂದ ಬಂದಿದೀನಿ ಒಂದ್ಸಲ ಹಾಕ್ಬಿಡಿ ಅಂತಾರೆ, ಹೊರಗೆ ಇನ್ನಿಬ್ಬರು ಕಾಯ್ತಿರ್ತಾರೆ. ಆದ್ರೂ ಪ್ಯಾಕೆಟ್ ಒಡೀಬೇಡಿ. ಏನ್ ಕಂಡ್ರಿ, ಎಷ್ಟು ಹೊತ್ತಿಗೆ ಕಂಡ್ರಿ, ಯಾಕೆ ಕಳಿಸ್ತಿದೀರ ಅಂತ ನಾಲ್ಕು ಸಾಲಿನ ಪತ್ರ ಬರೆದು ಕೈಗೆ ಕೊಡಿ, ಎಮರ್ಜೆನ್ಸಿ ಆದ್ರೆ ಆಂಬುಲೆನ್ಸಿಗೆ ನೀವೇ ಫೋನ್ ಮಾಡಿ, ಅವತ್ತಿನ ಫೀಸ್ ತಗೋಬೇಡಿ, ಮಾರನೇ ದಿನ ಹೋಗಿದ್ರಾ ಅಂತ ಫೋನ್ ಮಾಡಿ ಕೇಳಿ ಚಾರ್ಟಲ್ಲಿ ಬರ್ಕೊಳ್ಳಿ.